ಮಣೂಕವೋ ಒಣದ್ರಾಕ್ಷಿಯೋ: ಒಂದು ಪೌಚಿನ ಪ್ರಕರಣ

ಹಿನ್ನೆಲೆ

ವಿಜಯಪುರ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿ. ಊರು, ಬ್ರ್ಯಾಂಡು, ವಿನ್ಯಾಸಕಿ, ಮುದ್ರಕರ ಹೆಸರುಗಳನ್ನು ಇಲ್ಲಿ ಬೇಕೆಂದೇ ಬಿಟ್ಟಿದೆ. ಸದಸ್ಯರಲ್ಲಿ ಹೆಚ್ಚಿನವರು ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಬೆಳೆಯುವವರು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ, ಎರಡು-ಮೂರು ವಾರ ನೆರಳಿನಲ್ಲಿ ಒಣಗಿಸುತ್ತಾರೆ. ಬಣ್ಣ ನಿಲ್ಲಲಿ ಎಂದು ಗಂಧಕದ ಹೊಗೆ ಕೊಡುತ್ತಾರೆ. ನಾಲ್ಕು ಕಿಲೊ ಹಸಿ ದ್ರಾಕ್ಷಿ ಒಣಗಿದರೆ ಹೆಚ್ಚುಕಡಿಮೆ ಒಂದು ಕಿಲೊ ಒಣದ್ರಾಕ್ಷಿ. ಅದು 15 ಕಿಲೊ ರಟ್ಟಿನ ಬಾಕ್ಸಿನಲ್ಲಿ ಕೋಲ್ಡ್ ಸ್ಟೋರೇಜಿಗೆ, ಅಲ್ಲಿಂದ ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿಯ ಸವಾಲಿಗೆ, ಅಂದರೆ ಹರಾಜಿಗೆ. ಬಾಕ್ಸಿನ ಮೇಲೆ ಯಾರ ಹೆಸರಿದ್ದರೂ ಸವಾಲಿನಲ್ಲಿ ಲೆಕ್ಕಕ್ಕೆ ಬರುವುದು ಬಣ್ಣ ಮತ್ತು ಕಾಳಿನ ಗಾತ್ರ.

ಮಾಲಿನ ಒಂದು ಪಾಲನ್ನಾದರೂ 250 ಗ್ರಾಂ ಪಾಕೀಟಿನಲ್ಲಿ ಸ್ವಂತ ಹೆಸರಿನಿಂದ ಮಾರಬೇಕು ಎಂದು ಕಂಪನಿ ತೀರ್ಮಾನಿಸಿತು. ಮೊದಲ ವರ್ಷದ ಗುರಿ ಸುಮಾರು 6 ಟನ್. ಈ ಬರಹ ಆ ಪಾಕೀಟಿನದು.

ಮೊದಲ ಪಾಕೀಟು

ಸದಸ್ಯರೊಬ್ಬರ ಮಗ ಮೊಬೈಲಿನಲ್ಲೇ ಎಐ ಬಳಸಿ ಒಂದು ಚಿತ್ರ ಮಾಡಿಕೊಟ್ಟ. ನೋಡಲು ಚೆಂದವಿತ್ತು, ಆದರೆ ಅದರಲ್ಲಿ ಒಣದ್ರಾಕ್ಷಿ ಬಳ್ಳಿಯಲ್ಲೇ ನೇತಾಡುತ್ತಿತ್ತು. ಪಕ್ಕದ ಬುಟ್ಟಿಯ ಮೇಲೆ ದೂರದಿಂದ ಕನ್ನಡದಂತೆ ಕಾಣುವ, ಹತ್ತಿರ ಹೋದರೆ ಯಾವ ಭಾಷೆಯೂ ಅಲ್ಲದ ಅಕ್ಷರಗಳಿದ್ದವು. ಬೆಳೆಗಾರರು ಬಳ್ಳಿ ನೋಡಿ ನಕ್ಕರೇ ಹೊರತು ಅಕ್ಷರಗಳನ್ನು ಯಾರೂ ಗಮನಿಸಲಿಲ್ಲ. ಚಿತ್ರದ ಅಳತೆ 1024 ಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ ಅದು 8.7 ಸೆಂ.ಮೀ. ಅಗಲಕ್ಕೆ ಮಾತ್ರ ಸಾಲುತ್ತದೆ. 16 × 23 ಸೆಂ.ಮೀ. ಪೌಚಿನ ಮುಖ ತುಂಬಲು ಸುಮಾರು 1890 × 2717 ಪಿಕ್ಸೆಲ್ ಬೇಕು. ಎಳೆದು ದೊಡ್ಡದು ಮಾಡಿದ್ದರಿಂದ ಕಾಳುಗಳ ಅಂಚು ಮೇಣ ಕರಗಿದ ಹಾಗಾಯಿತು.

ಅದನ್ನು ಕ್ರೋಮೊ (ಹೊಳಪು ಕಾಗದದ) ಸ್ಟಿಕ್ಕರಿನಲ್ಲಿ ಮುದ್ರಿಸಿ, ರೆಡಿಮೇಡ್ ಪಾರದರ್ಶಕ ಜಿಪ್ ಪೌಚಿಗೆ ಅಂಟಿಸಿ 500 ಪಾಕೀಟು ಮಾಡಿದರು. ಇಷ್ಟು ಸಣ್ಣ ಸಂಖ್ಯೆಗೆ ಸ್ಟಿಕ್ಕರು ಸರಿಯಾದ ದಾರಿಯೇ. ಕೆಟ್ಟದ್ದು ಬೇರೆ ಕಡೆ. ಕೋಲ್ಡ್ ಸ್ಟೋರೇಜಿನಿಂದ ಬಂದ ಬಾಕ್ಸನ್ನು ಆವತ್ತೇ ಒಡೆದು ತುಂಬಿದರು. ತಣ್ಣಗಿನ ಮಾಲು, ಹೊರಗೆ ಬೇಸಿಗೆಯ ಗಾಳಿ: ಪೌಚಿನ ಮೇಲೆ ಬೆವರು ಕೂತು ಕಾಗದದ ಸ್ಟಿಕ್ಕರು ಸುಕ್ಕಾಗಿ ಮೂಲೆ ಬಿಟ್ಟಿತು, ಒಳಗೂ ತೇವ ಕೂತು ಕಾಳು ಅಂಟಿಕೊಂಡವು. ಬಾಕ್ಸನ್ನು ಮುಚ್ಚಿದಂತೆಯೇ ಒಂದು ದಿನ ಹೊರಗಿಟ್ಟು, ಮಾಲು ಕೋಣೆಯ ಶಾಖಕ್ಕೆ ಬಂದ ಮೇಲೆ ಒಡೆದಿದ್ದರೆ ಎರಡೂ ತಪ್ಪುತ್ತಿದ್ದವು.

ಬಾರ್‌ಕೋಡು ಇನ್ನೊಂದು ಕತೆ. ಚಿತ್ರಕ್ಕೆ ಹೊಂದಲಿ ಎಂದು ಅದನ್ನು ಕೆಂಪು ಬೆರೆತ ಕಂದು ಬಣ್ಣದಲ್ಲಿ ಹಾಕಿದ್ದರು. ಅಂಗಡಿಗಳಲ್ಲಿರುವ ಸಾಮಾನ್ಯ ಸ್ಕ್ಯಾನರು ಕೆಂಪು ಬೆಳಕಿನಲ್ಲಿ ಓದುತ್ತದೆ. ಆ ಬೆಳಕಿಗೆ ಕೆಂಪು, ಕಿತ್ತಳೆ, ತಿಳಿ ಕಂದು ಪಟ್ಟಿಗಳು ಬಿಳಿಯ ಹಾಗೇ ಕಾಣುತ್ತವೆ. ಕಪ್ಪು, ಕಡುನೀಲಿ, ಕಡುಹಸಿರು ನಡೆಯುತ್ತವೆ. ಸೂಪರ್ ಮಾರ್ಕೆಟ್ಟೊಂದು ಎಲ್ಲ ಪಾಕೀಟು ವಾಪಸು ಕಳಿಸಿದ್ದು ಇದೊಂದೇ ಕಾರಣಕ್ಕೆ.

ಸ್ಟಿಕ್ಕರಿನ ಮೇಲೆ ‘100% ನೈಸರ್ಗಿಕ’, ‘ಸಾವಯವ’ ಎಂದೂ ಇತ್ತು. ಗಂಧಕದ ಹೊಗೆ ಕೊಟ್ಟ ಮಾಲಿಗೆ ಮೊದಲನೆಯದನ್ನು ಹೇಳುವ ಹಾಗಿಲ್ಲ. ಆ ಹೊಗೆಯಿಂದ ಮಾಲಿನಲ್ಲಿ ಉಳಿಯುವ ಸಲ್ಫೈಟ್ ಕಿಲೊಗೆ 10 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಲರ್ಜಿಯ ಸಾಲಿನಲ್ಲಿ ಅದನ್ನು ಹೇಳಲೇಬೇಕು. ಪ್ರಮಾಣಪತ್ರ ಇಲ್ಲದೆ ಸಾವಯವ ಎನ್ನುವಂತಿಲ್ಲ. ‘100%’ ಎಂಬ ಮಾತನ್ನೇ ಲೇಬಲ್ಲಿನಿಂದ ಬಿಡಿ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಮೇ ತಿಂಗಳಲ್ಲಿ ಸೂಚನೆಯನ್ನೂ ಹೊರಡಿಸಿತು. ಈ ಎರಡು ಪದಗಳನ್ನು ಅಳಿಸುವಾಗ ಸಭೆಯಲ್ಲಿ ಬಹಳ ಹೊತ್ತು ವಾದ ನಡೆಯಿತು. ಎದುರಾಳಿಗಳ ಪಾಕೀಟಿನ ಮೇಲೆಲ್ಲ ಅವು ಇದ್ದವು ಎಂಬುದೇ ವಾದ.

ಗುಮ್ಮಟ ಬೇಕೋ ಬೇಡವೋ

ಆಮೇಲೆ ಬೆಳಗಾವಿಯ ಒಬ್ಬ ವಿನ್ಯಾಸಕಿಗೆ ಕೆಲಸ ಒಪ್ಪಿಸಿದರು. ಅವರು ಕಂಪ್ಯೂಟರು ತೆರೆಯುವ ಮೊದಲು ವಿಜಯಪುರದ ಅಂಗಡಿಗಳಿಂದ ಹದಿನಾಲ್ಕು ಬ್ರ್ಯಾಂಡಿನ ಒಣದ್ರಾಕ್ಷಿ ಕೊಂಡು ತಂದು, ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಆರು ಅಡಿ ದೂರದಿಂದ ಫೋಟೊ ತೆಗೆದರು. ಅಂಗಡಿಯ ಗಲ್ಲೆಯ ಈಚೆ ನಿಂತ ಗಿರಾಕಿಗೂ ಹಿಂದಿನ ಶೆಲ್ಫಿಗೂ ಸಾಮಾನ್ಯವಾಗಿ ಇರುವ ದೂರ ಅದು. ಫೋಟೊದಲ್ಲಿ ಹನ್ನೊಂದು ಪಾಕೀಟು ಒಂದೇ ಬ್ರ್ಯಾಂಡಿನವು ಎನ್ನುವ ಹಾಗಿದ್ದವು: ಎಲೆಹಸಿರು, ಬಂಗಾರದ ಬಣ್ಣ ಇಳಿಬಿಟ್ಟ ಪಟ್ಟಿ, ನೀರ ಹನಿ ಅಂಟಿದ ಹಸಿ ದ್ರಾಕ್ಷಿಯ ಗೊನೆ. ಒಳಗಿರುವುದು ಒಣಗಿದ್ದು, ಮೇಲಿರುವುದು ಹಸಿ! ಐದರ ಮೇಲೆ ಗೋಲಗುಮ್ಮಟ.

ಕಂಪನಿಯ ಅಧ್ಯಕ್ಷರು ಗುಮ್ಮಟ ಬಿಡಲು ಒಪ್ಪಲಿಲ್ಲ.

“ಗುಮ್ಮಟ ಹಾಕ್ರಿ ಮೇಡಂ. ಬಿಜಾಪುರ ಅಂದ್ರ ಅದ.”

“ಕಾಕಾ, ಹದಿನಾಲ್ಕರಾಗ ಐದರ ಮ್ಯಾಲೆ ಆಗಲೇ ಗುಮ್ಮಟ ಐತ್ರಿ. ಆರನೇದು ನಮ್ದು ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?”

1656ರ ಹೊತ್ತಿಗೆ ಮುಗಿದ ಆ ಕಟ್ಟಡದ ಮೇಲೆ ಯಾರಿಗೂ ಸಿಟ್ಟಿಲ್ಲ. ಆದರೆ ಪಂಕ್ಚರ್ ಅಂಗಡಿಯಿಂದ ಶಾಲೆಯ ಬ್ಯಾಜಿನವರೆಗೆ ಎಲ್ಲ ಕಡೆ ಇರುವ ಗುರುತು ಯಾರದೂ ಅಲ್ಲ. ಇಳಕಲ್ಲ ಸೀರೆಯ ದಡಿ, ಕಸೂತಿಯ ಗೋಪುರವನ್ನು ಅಂಚಿಗೆ ಹಾಕಿದರೆ ಉತ್ತರ ಕರ್ನಾಟಕ ಬಂತು ಎನ್ನುವ ನಂಬಿಕೆಯೂ ಇದೇ ಜಾತಿಯದು. ರೊಟ್ಟಿ, ಶೇಂಗಾ ಚಟ್ನಿ, ಕರದಂಟು ಯಾವ ಪಾಕೀಟು ಹಿಡಿದರೂ ಅದೇ ಅಂಚು.

ವಿನ್ಯಾಸಕಿ ಬದಲಿಗೆ ತಂದದ್ದು ಒಣಗಿಸುವ ಶೆಡ್ಡು. ಅದನ್ನು ತುದಿಯಿಂದ ನೋಡಿದರೆ ಒಂದರ ಮೇಲೊಂದು ಒಂಬತ್ತು ಅಡ್ಡಗೆರೆ, ಪ್ರತಿ ಗೆರೆಯ ಮೇಲೆ ಕಾಳಿನ ಚುಕ್ಕಿಗಳು. ಮೇಲಿನ ಗೆರೆಯಲ್ಲಿ ದುಂಡಗೆ, ತಿಳಿಹಸಿರು. ಕೆಳಗೆ ಬರುಬರುತ್ತ ಸಣ್ಣಗಾಗಿ, ಸುಕ್ಕಾಗಿ ಹಳದಿಗೆ ತಿರುಗುತ್ತವೆ. ಬೇರೆ ಯಾವ ಪಾಕೀಟಿನ ಮೇಲೂ ಶೆಡ್ಡು ಇರಲಿಲ್ಲ. ಬೆಳೆಗಾರರಿಗೆ ಅದು ದಿನಾ ಕಾಣುವ ವಸ್ತು, ಆದ್ದರಿಂದ ಚಿತ್ರ ಮಾಡುವಂಥದ್ದು ಎಂದು ಹೊಳೆದಿರಲಿಲ್ಲ. ಫೋಟೊ ಅಲ್ಲದೆ ಚಪ್ಪಟೆ ಬಣ್ಣದ ಗೆರೆಚಿತ್ರ ಆದದ್ದರಿಂದ ಮುದ್ರಣದಲ್ಲಿ ಎಷ್ಟು ಉಳಿಯಿತು ಎಂಬುದು ಮುಂದೆ ಬರುತ್ತದೆ.

ಗುಮ್ಮಟ ಹಿಂಬದಿಯ ವಿಳಾಸದ ಪಕ್ಕ 9 ಮಿ.ಮೀ. ಎತ್ತರದಲ್ಲಿ ಉಳಿಯಿತು. ಇಂಥ ರಾಜಿಗಳನ್ನು ಹೀಗಳೆಯುವ ವಿನ್ಯಾಸಕರಿದ್ದಾರೆ. ಈ ಪ್ರಕರಣದಲ್ಲಿ ಆ 9 ಮಿ.ಮೀ. ಕೊಟ್ಟಿರದಿದ್ದರೆ ಮುಂಬದಿಯ ಶೆಡ್ಡು ಸಭೆ ದಾಟುತ್ತಿರಲಿಲ್ಲ.

ಯಾವ ಪದ

ಇಡೀ ಕೆಲಸದ ತಿರುವು ಇಲ್ಲಿದೆ. ಸ್ಟಿಕ್ಕರಿನ ಮೇಲೆ ಇದ್ದದ್ದು ‘ಒಣ ದ್ರಾಕ್ಷಿ’. ಹೊಸ ಪೌಚಿಗೂ ಅದೇ ಎಂದು ಎಲ್ಲರೂ ಎಣಿಸಿದ್ದರು.

ಆ ಎರಡು ಪದಗಳನ್ನು ದೊಡ್ಡದಾಗಿ ಬರೆದು ನೋಡಿ. ‘ಒಣ’ದ ಕೆಳಗೆ ಏನೂ ಇಲ್ಲ. ‘ದ್ರಾಕ್ಷಿ’ಯಲ್ಲಿ ದಕಾರದ ಕೆಳಗೆ ರಕಾರದ ಒತ್ತು, ಕಕಾರದ ಕೆಳಗೆ ಷಕಾರದ ಒತ್ತು, ಅದರ ಮೇಲೆ ಗುಡಿಸು. ಒಂದೇ ಸಾಲಿನಲ್ಲಿಟ್ಟರೆ ಎಡಗಡೆ ಕೆಳಗೆ ಬರಿದು, ಬಲಗಡೆ ಭಾರ. ಎರಡು ಸಾಲು ಮಾಡಿ ‘ದ್ರಾಕ್ಷಿ’ಯನ್ನು ಕೆಳಗಿಟ್ಟರೆ ಒತ್ತಿಗೆ ಜಾಗ ಬಿಡಬೇಕು. ಹಳೆಯ ಸ್ಟಿಕ್ಕರಿನಲ್ಲಿ ಕೆಳಗೆ ‘ವಿಜಯಪುರದ ಸವಿ’ ಎಂಬ ಸಣ್ಣ ಸಾಲಿತ್ತು. ಷಕಾರದ ಒತ್ತು ನೇರವಾಗಿ ‘ವಿ’ಯ ಗುಡಿಸಿನ ಮೇಲೆ ಕೂತು, ಎರಡೂ ಸೇರಿ ಒಂದು ಹೊಸ ಅಕ್ಷರವೇ ಹುಟ್ಟಿತ್ತು. ಇಂಗ್ಲಿಷ್ ಸಾಲಿಗೆ ಸರಿಹೋಗುವ ಅಂತರವನ್ನೇ ಕನ್ನಡಕ್ಕೂ ಕೊಟ್ಟರೆ ಹೀಗೇ ಆಗುತ್ತದೆ. ಒತ್ತಕ್ಷರ ಇರುವ ಸಾಲಿಗೆ ಅಕ್ಷರದಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಅಂತರ ಇಟ್ಟರೆ ತಾಕುತ್ತದೆ ಎಂದೇ ತಿಳಿದು ಹೊರಡುವುದು ಲೇಸು.

ಚರ್ಚೆಯ ನಡುವೆ ವಿನ್ಯಾಸಕಿಯ ಗಮನಕ್ಕೆ ಬಂದದ್ದು ಇಷ್ಟು: ಸಭೆಯಲ್ಲಿ ಒಬ್ಬರೂ ‘ಒಣದ್ರಾಕ್ಷಿ’ ಎನ್ನುತ್ತಿಲ್ಲ. ಎಲ್ಲರ ಬಾಯಲ್ಲೂ ‘ಮಣೂಕ’. ಮಣೂಕದ ಶೆಡ್ಡು, ಮಣೂಕದ ರೇಟು, ಮಣೂಕದ ಬಾಕ್ಸು. ಮೂರೇ ಅಕ್ಷರ, ಒಂದೂ ಒತ್ತಿಲ್ಲ, ನಡುವಿನ ‘ಣೂ’ ಅಗಲವಾಗಿ ಕೂರುತ್ತದೆ, ಕೊಂಬಿನಿಳಿ ಬಲಕ್ಕೆ ಚಾಚಿ ‘ಕ’ವನ್ನು ತಬ್ಬುತ್ತದೆ. ಅದೇ ಅಗಲದಲ್ಲಿ ‘ಒಣದ್ರಾಕ್ಷಿ’ಯ ಅಕ್ಷರ 13 ಮಿ.ಮೀ. ಎತ್ತರ ಬಂದರೆ ‘ಮಣೂಕ’ 24 ಮಿ.ಮೀ. ಬಂತು. ಆರು ಅಡಿಯಿಂದ ಓದುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಅಕ್ಷರಗಳನ್ನು ಫಾಂಟಿನಿಂದ ತೆಗೆಯದೆ ಊರಿನ ಒಬ್ಬ ಬೋರ್ಡ್ ಪೇಂಟರಿಂದ ಬರೆಸಿದರು. ಫ್ಲೆಕ್ಸ್ ಬರುವ ಮೊದಲು ಅಂಗಡಿ ಬೋರ್ಡು, ಲಾರಿಯ ಹಲಗೆ ಬರೆದ ಕೈ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸು ನಿಷೇಧಿಸಿದ ಮೇಲೂ ಅವರಿಗೆ ಹಳೆಯ ಕೆಲಸ ಅಷ್ಟಾಗಿ ಮರಳಿರಲಿಲ್ಲ. ಚಪ್ಪಟೆ ಬ್ರಶ್ಶಿನಲ್ಲಿ ಡ್ರಾಯಿಂಗ್ ಹಾಳೆಯ ಮೇಲೆ ಮೂವತ್ತಕ್ಕೂ ಹೆಚ್ಚು ಸಲ ‘ಮಣೂಕ’ ಬರೆದರು. ಆಯ್ದದ್ದು ಹನ್ನೊಂದನೆಯದು. ಅದರಲ್ಲಿ ಕೊಂಬಿನಿಳಿಯನ್ನು ಅವರು ‘ಕ’ದ ತಳದವರೆಗೆ ಎಳೆದು, ಅಲ್ಲಿ ಬ್ರಶ್ಶನ್ನು ತಿರುಗಿಸಿ ಎತ್ತಿದ್ದರು. ತುದಿ ಉಳಿಯ ಬಾಯಿಯಷ್ಟು ಚೂಪಾಗಿತ್ತು.

ಸ್ಕ್ಯಾನ್ ಮಾಡಿ ಆಟೊ ಟ್ರೇಸ್ ಕೊಟ್ಟರೆ, ಅಂದರೆ ಅಂಚನ್ನು ಕಂಪ್ಯೂಟರಿನಿಂದಲೇ ಗೆರೆಯಾಗಿ ಎಳೆಸಿದರೆ, ಬ್ರಶ್ಶಿನ ಒರಟೆಲ್ಲ ಸೇರಿ ನಾನೂರಕ್ಕೂ ಹೆಚ್ಚು ನೋಡ್ (ಗೆರೆಯನ್ನು ಹಿಡಿಯುವ ಬಿಂದು) ಬಂದವು. ಪೌಚಿಗೆ ಆರಿಸಿದ್ದು ಗ್ರೇವ್ಯೂರ್, ಅಂದರೆ ಕೆತ್ತಿದ ಸಿಲಿಂಡರಿನಿಂದ ಮಾಡುವ ಮುದ್ರಣ. ಅದರಲ್ಲಿ ಅಕ್ಷರವೂ ಸಣ್ಣ ಸಣ್ಣ ಕುಳಿಗಳಿಂದಲೇ ಮೂಡುವುದರಿಂದ ಅಂಚು ಹೇಗೂ ಗರಗಸದಂತಾಗುತ್ತದೆ. ಅದರ ಮೇಲೆ ಬ್ರಶ್ಶಿನ ಒರಟನ್ನೂ ಇಟ್ಟರೆ ಕೊಳಕಾಗಿ ಕಾಣುತ್ತದೆ. ಆದ್ದರಿಂದ ಟ್ರೇಸನ್ನು ಅಡಿಗಿಟ್ಟುಕೊಂಡು ಕೈಯಿಂದಲೇ ಮತ್ತೆ ಎಳೆದರು, ಅರವತ್ತರ ಆಸುಪಾಸಿನಲ್ಲಿ ನೋಡ್ ಉಳಿದವು. ತುದಿಯ ಚೂಪು ಮಾತ್ರ ಬಿಡಲಿಲ್ಲ. ಸಣ್ಣ ಪಠ್ಯಕ್ಕೆ ಫಾಂಟು ತಯಾರಿಸುವ ಏಕ್ ಟೈಪ್ ಸಂಸ್ಥೆಯವರು 2022ರಲ್ಲಿ ತಂದ ಅನೇಕ್ ಕನ್ನಡ. ಮುಕ್ತ ಪರವಾನಗಿಯ ಫಾಂಟು, ಅಗಲವನ್ನು ಹಿಗ್ಗಿಸಿ ಕುಗ್ಗಿಸಲು ಬರುತ್ತದೆ. ಹಿಂಬದಿಯಲ್ಲಿ ಕಡ್ಡಾಯದ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲೇಬೇಕು, ಕನ್ನಡ ಅದರ ಜೊತೆಗೆ ಬರಬೇಕು. ಎರಡೂ ಹಿಡಿಯಲು ಅಗಲ ಕುಗ್ಗುವ ಫಾಂಟಿಲ್ಲದಿದ್ದರೆ ಕನ್ನಡದ ಸಾಲುಗಳೇ ಮೊದಲು ಕತ್ತರಿಗೆ ಬೀಳುತ್ತವೆ.

ಕಿಟಕಿ

ಒಳಗಿನ ಮಾಲು ಕಾಣಲು ಪೌಚಿನಲ್ಲಿ ಪಾರದರ್ಶಕ ಜಾಗ ಬೇಕು ಎಂಬುದು ಬೆಳೆಗಾರರ ಹಟ. ಅದರಲ್ಲಿ ತಪ್ಪಿಲ್ಲ: ನಮ್ಮ ಕಡೆ ಮಣೂಕ ಕೊಳ್ಳುವವರು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು ನೋಡುವವರು. ಆದರೆ ಹಸಿರು ಮಣೂಕದ ಬಣ್ಣ ಬೆಳಕು, ಶಾಖ, ಗಾಳಿ ಮೂರಕ್ಕೂ ಹೆದರುತ್ತದೆ. ವಾದಕ್ಕಿಂತ ಪರೀಕ್ಷೆ ಮೇಲು ಎಂದು ಒಂದೇ ಬಾಕ್ಸಿನ ಮಾಲನ್ನು ನಾಲ್ಕು ಪಾರದರ್ಶಕ ಪೌಚಿಗೆ ತುಂಬಿದರು. ಮೂರು ಒಂದು ಕಿರಾಣಿ ಅಂಗಡಿಯ ಮುಂದಿನ ಶೆಲ್ಫಿಗೆ, ಟ್ಯೂಬ್‌ಲೈಟಿನ ಕೆಳಗೆ. ಒಂದು ಅದೇ ಅಂಗಡಿಯ ಬೀರುವಿನೊಳಗೆ. ಏಪ್ರಿಲ್ ಕೊನೆಗೆ ಇಟ್ಟದ್ದು, ಐದು ವಾರ ಬಿಟ್ಟು ನಾಲ್ಕನ್ನೂ ಬಿಳಿ ತಟ್ಟೆಗೆ ಸುರಿದರು. ಬೀರುವಿನದು ಇನ್ನೂ ಹಸಿರು-ಹಳದಿ. ಶೆಲ್ಫಿನವು ಬೆಲ್ಲದ ಬಣ್ಣ.

ಅಧ್ಯಕ್ಷರು ತಟ್ಟೆಯನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿ, “ಇದನ್ನ ಸವಾಲಿಗೆ ಒಯ್ದಿದ್ರ ಅರ್ಧಾ ರೇಟಿಗೂ ಕೇಳ್ತಿದ್ದಿಲ್ಲ” ಅಂದರು. ಕಿಟಕಿಯ ಮಾತು ಅಲ್ಲಿಗೆ ನಿಂತಿತು.

ಒಮ್ಮೆ ಕಿಟಕಿ ಬೇಡ ಎಂದಾದರೆ ಫಿಲ್ಮಿನ ಆಯ್ಕೆ ಸಲೀಸು. ಮೂರು ಪದರ: ಹೊರಗೆ 12 ಮೈಕ್ರಾನ್ ಪೆಟ್ (ಪಾಲಿಯೆಸ್ಟರ್ ಫಿಲ್ಮು), ನಡುವೆ 12 ಮೈಕ್ರಾನ್ ಮೆಟಲೈಸ್ಡ್ ಪೆಟ್, ಒಳಗೆ 75 ಮೈಕ್ರಾನ್ ಪಾಲಿಥಿನ್. ನಡುವಿನ ಲೋಹದ ಪದರ ಬೆಳಕು, ತೇವ, ಗಾಳಿಯನ್ನು ತಡೆಯುತ್ತದೆ, ಒಳಪದರ ಬಿಸಿಗೆ ಅಂಟಿ ಸೀಲ್ ಆಗುತ್ತದೆ. ಕಿಟಕಿ ಉಳಿಸಿಕೊಂಡು ಈ ರಚನೆ ಬೇಕೆಂದರೆ ಆ ಜಾಗದಷ್ಟು ಲೋಹ ತೆಗೆಸಬೇಕು, ಇಷ್ಟು ಸಣ್ಣ ಆರ್ಡರಿಗೆ ಅದನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ಬಿಳಿಯ ಲೆಕ್ಕ

300 ಕಿಲೊಗಿಂತ ಕಡಿಮೆ ಫಿಲ್ಮಿಗೆ ಯಂತ್ರ ಹಚ್ಚುವುದಿಲ್ಲ ಎಂದು ಮುದ್ರಕರು ಮೊದಲೇ ಹೇಳಿದ್ದರು. ಎರಡು ಮುಖ, ತಳದ 8 ಸೆಂ.ಮೀ. ಮಡಿಕೆ ಸೇರಿ ಒಂದು ಪೌಚಿಗೆ 16 × 54 ಸೆಂ.ಮೀ. ಫಿಲ್ಮು. ಮೇಲಿನ ರಚನೆಯಲ್ಲಿ ಚದರ ಮೀಟರಿಗೆ ಸುಮಾರು 109 ಗ್ರಾಂ ತೂಕ, ಅಂದರೆ ಪೌಚಿಗೆ ಒಂಬತ್ತೂವರೆ ಗ್ರಾಂ, ಜಿಪ್ ಸೇರಿದರೆ ಹತ್ತೂವರೆ. ವೇಸ್ಟೇಜು ಕಳೆದು 25,000 ಪೌಚು, ಅದರಲ್ಲಿ ಆರೂ ಕಾಲು ಟನ್ ಮಾಲು ಹಿಡಿಯುತ್ತದೆ. ಗುರಿಗೆ ಸರಿಹೊಂದಿತು. ಸರಿಹೊಂದದಿದ್ದರೆ ಡಿಜಿಟಲ್ ಮುದ್ರಣದ ಪೌಚು ಮಾಡಿಸುವುದೇ ಜಾಣತನ. ಒಂದೊಂದರ ಬೆಲೆ ಹೆಚ್ಚು, ಆದರೆ ಸಿಲಿಂಡರಿನ ಖರ್ಚಿಲ್ಲ, ಐನೂರು-ಸಾವಿರಕ್ಕೂ ಮಾಡಿಕೊಡುತ್ತಾರೆ.

ಗ್ರೇವ್ಯೂರಿನಲ್ಲಿ ಬಣ್ಣಕ್ಕೊಂದು ಸಿಲಿಂಡರು. ಫೋಟೊ ಇದ್ದಿದ್ದರೆ ನಾಲ್ಕು ಮೂಲ ಬಣ್ಣ, ಬಿಳಿ, ಬ್ರ್ಯಾಂಡಿನ ಬಣ್ಣ ಸೇರಿ ಆರೇಳು ಆಗುತ್ತಿತ್ತು. ಚಪ್ಪಟೆ ಶೆಡ್ಡಿಗೆ ಮೂರೇ ಸಾಕು: ಹಳದಿ, ತಿಳಿಹಸಿರು, ಕಡುಹಸಿರು. ಬಾರ್‌ಕೋಡೂ ಕಡುಹಸಿರಿನಲ್ಲೇ, ಅದರ ಹಿಂದೆ ಬರೀ ಬಿಳಿ.

ಇನ್ನುಳಿದದ್ದು ಬಿಳಿ, ಎಲ್ಲರೂ ಮರೆಯುವ ಬಣ್ಣ. ಇಲ್ಲಿ ಮುದ್ರಣ ಪೆಟ್ ಫಿಲ್ಮಿನ ಒಳಮೈಗೆ, ಕನ್ನಡಿಯೊಳಗಿನ ಹಾಗೆ ತಿರುಗಿಸಿ ಆಗುತ್ತದೆ. ಕಡುಬಣ್ಣ ಮೊದಲು, ತಿಳಿಬಣ್ಣ ಆಮೇಲೆ, ಬಿಳಿ ಕೊನೆಗೆ, ಅದರ ಹಿಂದೆ ಲೋಹದ ಪದರ ಅಂಟುತ್ತದೆ. ಬಿಳಿ ಇಲ್ಲದ ಕಡೆ ಬಣ್ಣದ ಹಿಂದೆ ಲೋಹ ಹೊಳೆದು ಚಾಕೊಲೇಟ್ ಕಾಗದದಂತಾಗುತ್ತದೆ. ಒಂದೇ ಸಲ ಬಿಳಿ ಹೊಡೆದರೂ ಲೋಹದ ಬೂದು ಇಣುಕುತ್ತದೆ. ಮಾದರಿ ತುಂಡಿನಲ್ಲಿ ಆದದ್ದು ಅದೇ.

“ಯವ್ವಾ, ಕಂಪ್ಯೂಟರ್‌ದಾಗ ಹಾಲಿನಂಗ ಇತ್ತು. ಇಲ್ಲಿ ಯಾಕ ಬೂದಿ ಬಳದಂಗ ಕಾಣ್ತೈತಿ?” ಎಂದು ಅಧ್ಯಕ್ಷರು ಕೇಳಿದರು. ಅಷ್ಟು ಹೊತ್ತಿಗೆ ಮೇಡಂ ಹೋಗಿ ಯವ್ವಾ ಆಗಿತ್ತು.

ಪರಿಹಾರ, ಬಿಳಿಯನ್ನು ಎರಡು ಸಲ ಹೊಡೆಯುವುದು. ಒಂದು ಸಿಲಿಂಡರು ಹೆಚ್ಚಾಗಿ ಒಟ್ಟು ಐದಾಯಿತು. ಬಿಳಿಯ ಅಂಚನ್ನು ಮೇಲಿನ ಬಣ್ಣಕ್ಕಿಂತ 0.25 ಮಿ.ಮೀ. ಒಳಗೆ ಸರಿಸಿದರು. ಇಲ್ಲದಿದ್ದರೆ ಯಂತ್ರ ಸ್ವಲ್ಪ ಜರುಗಿದರೂ ಬಣ್ಣದ ಸುತ್ತ ಬಿಳಿ ಎಳೆ ಕಾಣುತ್ತದೆ.

ಈ ಹಂತದಲ್ಲಿ ತೆಗೆದುಕೊಂಡ ಒಂದು ತೀರ್ಮಾನ ಮುಂದೆ ಎರಡು ಸಲ ಕಾಪಾಡಿತು: ಪೌಚಿನ ಮೇಲಿನ ಪ್ರತಿ ಅಕ್ಷರವೂ, ‘ಮಣೂಕ’ದಿಂದ ಪೋಷಕಾಂಶದ ಪಟ್ಟಿಯವರೆಗೆ, ಕಡುಹಸಿರು ಒಂದರಲ್ಲೇ. ಬಣ್ಣದ ಪಟ್ಟಿಯೊಳಗೆ ಬಿಳಿಯಾಗಿ ಕೊರೆದ ಅಕ್ಷರ ಎಲ್ಲೂ ಇಲ್ಲ. ಕನ್ನಡದ ಸಣ್ಣ ಸುಳಿಗಳು ಹಾಗೆ ಕೊರೆದಾಗ ಶಾಯಿ ಹರಿದು ಮುಚ್ಚಿಹೋಗುತ್ತವೆ ಎಂಬುದು ಒಂದು ಕಾರಣ. ಪಠ್ಯ ಬದಲಾದರೆ ಒಂದೇ ಸಿಲಿಂಡರು ಬದಲಿಸಿದರೆ ಸಾಕು ಎಂಬುದು ಇನ್ನೊಂದು. ಹಸಿರು ಚೌಕದ ಸಸ್ಯಾಹಾರಿ ಚಿಹ್ನೆ ಮಾತ್ರ ತಿಳಿಹಸಿರಿನದು. ಮುಖ 368 ಚದರ ಸೆಂ.ಮೀ. ಇರುವುದರಿಂದ ವೃತ್ತದ ವ್ಯಾಸ 4 ಮಿ.ಮೀ.ಗೆ ಕಡಿಮೆ ಇರಬಾರದು, 5 ಇಟ್ಟರು. ಎಂಆರ್‌ಪಿ, ಬ್ಯಾಚು, ತಾರೀಖುಗಳನ್ನು ಸಿಲಿಂಡರಿಗೆ ಕೆತ್ತಿಸಲಿಲ್ಲ. ಖಾಲಿ ಬಿಳಿ ಚೌಕ ಬಿಟ್ಟು, ಪ್ಯಾಕ್ ಮಾಡುವಾಗ ಫಿಲ್ಮಿಗೆ ಹಿಡಿಯುವ ಶಾಯಿಯ ಇಂಕ್‌ಜೆಟ್ಟಿನಲ್ಲಿ ಹಾಕಿದರು. ರಬ್ಬರ್ ಸ್ಟ್ಯಾಂಪಿನ ಮಾಮೂಲಿ ಶಾಯಿ ಪೆಟ್ ಮೇಲೆ ಬೆರಳಿಗೇ ಅಳಿಸಿಹೋಗುತ್ತದೆ.

ನಿಲ್‌ದಾಣ ರಸ್‌ತೆ

ಕಡತವನ್ನು ಮುದ್ರಕರಿಗೆ ಕಳಿಸುವ ಮೊದಲು ಎಲ್ಲ ಅಕ್ಷರಗಳನ್ನೂ ಕರ್ವ್ ಮಾಡಲಾಗಿತ್ತು. ಹಾಗೆ ಮಾಡಿದ ಮೇಲೆ ಅದು ಬರೀ ಆಕಾರ, ಆ ಕಡೆ ಫಾಂಟು ಇರಲಿ ಬಿಡಲಿ, ಒಡೆಯುವುದಿಲ್ಲ. ಸಿಲಿಂಡರು ಕೆತ್ತುವವರು ಹೊರ ರಾಜ್ಯದವರು, ಅಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಆದ್ದರಿಂದ ಈ ಎಚ್ಚರ.

ಎರಡು ದಿನದ ನಂತರ ಕಂಪನಿಯ ಕಚೇರಿ ಬೇರೆ ಕಟ್ಟಡಕ್ಕೆ ಹೋಯಿತು. ಹೊಸ ವಿಳಾಸವನ್ನು ಕಚೇರಿಯಿಂದ ನೇರವಾಗಿ ವಾಟ್ಸ್‌ಆ್ಯಪಿನಲ್ಲಿ ಮುದ್ರಕರಿಗೆ ಕಳಿಸಿದರು, ವಿನ್ಯಾಸಕಿಗೆ ತಿಳಿಸಲಿಲ್ಲ. ಅಲ್ಲಿನ ಆಪರೇಟರು ಆ ಸಾಲನ್ನು ಕಾಪಿ ಮಾಡಿ ಹಳೆಯ ವಿಳಾಸದ ಜಾಗಕ್ಕೆ ಅಂಟಿಸಿದ. ಇಲ್ಲಸ್ಟ್ರೇಟರ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಇಂಡಿಕ್ ಆಯ್ಕೆ ಆನ್ ಮಾಡಿ, ದಕ್ಷಿಣ ಏಷ್ಯಾದ ಲಿಪಿಗಳಿಗಿರುವ ಕಂಪೋಸರ್ (ಅಕ್ಷರ ಜೋಡಿಸುವ ವ್ಯವಸ್ಥೆ) ಆರಿಸದಿದ್ದರೆ ಯೂನಿಕೋಡ್ ಕನ್ನಡದ ಒತ್ತುಗಳು ಕೂಡಿಕೊಳ್ಳುವುದಿಲ್ಲ. ‘ನಿಲ್ದಾಣ ರಸ್ತೆ’ ಹೋಗಿ ‘ನಿಲ್‌ದಾಣ ರಸ್‌ತೆ’ ಆಯಿತು. ‘ವಿಜಯಪುರ’ದಲ್ಲಿ ಒತ್ತಿಲ್ಲ, ಅದು ಸರಿಯಾಗೇ ಉಳಿಯಿತು. ಮೇಲ್ನೋಟಕ್ಕೆ ಎಲ್ಲ ಸರಿ ಎನಿಸಲು ಅಷ್ಟು ಸಾಕು. ಪಿಡಿಎಫ್ ಪ್ರೂಫ್ ಬಂದಾಗ ಕಚೇರಿಯವರು ಮೊಬೈಲಿನಲ್ಲಿ ಮುಂಬದಿಯನ್ನು ಹಿಗ್ಗಿಸಿ ನೋಡಿ ಓಕೆ ಕಳಿಸಿದರು. ಸಿಲಿಂಡರು ಕೆತ್ತಿ ಆಯಿತು.

ಸಿಕ್ಕಿಬಿದ್ದದ್ದು ಯಂತ್ರದ ಹತ್ತಿರ. ಮೊದಲ ಮೀಟರುಗಳನ್ನು ಒಪ್ಪಲು ಕಂಪನಿಯ ಲೆಕ್ಕ ಬರೆಯುವ ಹುಡುಗ ಹೋಗಿದ್ದ. ವಿನ್ಯಾಸಕಿ ಅವನಿಗೆ ಹೇಳಿಕಳಿಸಿದ್ದು ಒಂದೇ: ಬಣ್ಣ ಆಪರೇಟರು ನೋಡಿಕೊಳ್ಳುತ್ತಾನೆ, ನೀನು ಪ್ರತಿ ಅಕ್ಷರವನ್ನೂ ಬೆರಳಿಟ್ಟು ಗಟ್ಟಿಯಾಗಿ ಓದು. ಅವನು ಹಾಗೇ ಓದುತ್ತ ಬಂದು ವಿಳಾಸದಲ್ಲಿ ತೊದಲಿದ. ಕಣ್ಣು ತಪ್ಪನ್ನು ಸರಿಮಾಡಿಕೊಂಡು ಮುಂದೆ ಹೋಗುತ್ತದೆ, ನಾಲಿಗೆ ಎಡವುತ್ತದೆ.

ಯಂತ್ರ ನಿಂತಿತು. ಕೆತ್ತಿಸಬೇಕಾದದ್ದು ಕಡುಹಸಿರಿನ ಒಂದೇ ಸಿಲಿಂಡರು: ಆರೂವರೆ ಸಾವಿರ ರೂಪಾಯಿ, ನಾಲ್ಕು ದಿನ, ಯಂತ್ರ ಮತ್ತೆ ಹೊಂದಿಸುವಾಗ ಹೋದ ಫಿಲ್ಮು. ಅಕ್ಷರಗಳು ಎರಡು-ಮೂರು ಬಣ್ಣಗಳಲ್ಲಿ ಹಂಚಿಹೋಗಿದ್ದರೆ ಅಷ್ಟೂ ಸಿಲಿಂಡರು ಹೋಗುತ್ತಿತ್ತು. ತಪ್ಪು ಯಾರದು ಎಂಬ ಮಾತು ಬಂತು. ಓಕೆ ಹೇಳಿದ ಸಂದೇಶ ಕಂಪನಿಯ ಫೋನಿನಿಂದಲೇ ಹೋಗಿತ್ತು, ಹಣ ಕಂಪನಿಯೇ ಕೊಟ್ಟಿತು. ಅಂದಿನಿಂದ ಒಂದು ಕಟ್ಟುಪಾಡು: ಮುದ್ರಕರಿಗೆ ಪಠ್ಯವಾಗಿ ಏನೂ ಹೋಗಬಾರದು, ಹೋಗುವುದು ಕರ್ವ್ ಮಾಡಿದ ಕಡತ ಮಾತ್ರ, ಅದೂ ಒಬ್ಬರಿಂದಲೇ.

ಮಾರುಕಟ್ಟೆಯಲ್ಲಿ

ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲಿ ‘ಮಣೂಕ’ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಅಂಗಡಿಯವರು ‘ಶೆಡ್ಡಿನ ಪಾಕೀಟು’ ಎಂದೇ ಆರ್ಡರು ಹೇಳತೊಡಗಿದರು. ಬ್ರ್ಯಾಂಡಿನ ಹೆಸರು ಅವರ ಬಾಯಿಗೆ ಬರಲೇ ಇಲ್ಲ. ಕಂಪನಿಯವರಿಗೆ ಇದರಿಂದ ಸ್ವಲ್ಪ ಬೇಸರ. ಆದರೆ ಚಿತ್ರಕ್ಕೆ ಜನ ಹೆಸರಿಟ್ಟರೆ ಅದು ಗೆದ್ದ ಹಾಗೆಯೇ.

ಬೆಂಗಳೂರಿನಲ್ಲಿ ಬೇರೆಯಾಯಿತು. ಅಲ್ಲಿನ ಮೇಳವೊಂದರಲ್ಲಿ ಮಳಿಗೆ ಹಾಕಿದ ಮೊದಲ ದಿನವೇ ಒಬ್ಬರು ಬಂದು, “ಇದರಲ್ಲಿ ಬೀಜ ಇರುತ್ತಲ್ವಾ? ಮಗೂಗೆ ಹಾಲಲ್ಲಿ ಕುದಿಸಿ ಕೊಡೋದು?” ಎಂದು ಕೇಳಿದರು. ಸಂಜೆಯೊಳಗೆ ಅದೇ ಪ್ರಶ್ನೆ ಹಲವು ಸಲ. ಹಿಂದಿಯಲ್ಲಿ ಮುನಕ್ಕಾ ಎಂದರೆ ಬೀಜವಿರುವ, ದಪ್ಪ, ಕಂದು ದ್ರಾಕ್ಷಿ, ಗ್ರಂಥಿಗೆ ಅಂಗಡಿಯಲ್ಲಿ ಔಷಧಿಗೆ ಸಿಗುವಂಥದ್ದು. ಮಣೂಕ ಎಂದೊಡನೆ ಅವರ ಕಣ್ಣಿಗೆ ಬಂದದ್ದು ಅದು. ಕಿಟಕಿಯಿದ್ದಿದ್ದರೆ ಒಳಗೆ ನೋಡಿ ತಿಳಿಯುತ್ತಿದ್ದರು. ಕಿಟಕಿ ತೆಗೆದು, ಪರಿಚಯದ ಪದವನ್ನೂ ತೆಗೆದ ಮೇಲೆ ಗಿರಾಕಿಗೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ‘ಒಣದ್ರಾಕ್ಷಿ’ ಎಂಬುದು ಮುಂಬದಿಯಲ್ಲಿ ಇತ್ತು, ಆದರೆ 5 ಮಿ.ಮೀ. ಎತ್ತರದಲ್ಲಿ, ತಳದಲ್ಲಿ. ಪದವನ್ನು ಒಂದೇ ಜಿಲ್ಲೆಯ ಸಭೆಯಲ್ಲಿ ಒರೆಗೆ ಹಚ್ಚಿ, ಮೂರು ಊರು ದಾಟಿ ಮಾರಲು ಹೊರಟದ್ದೇ ಇಲ್ಲಿನ ಎಡವಟ್ಟು. ಒಂದಷ್ಟು ಡಿಜಿಟಲ್ ಪೌಚು ಬೆಂಗಳೂರಿನ ನಾಲ್ಕು ಅಂಗಡಿಯಲ್ಲಿಟ್ಟು ನೋಡಿದ್ದರೆ ಸಿಲಿಂಡರು ಕೆತ್ತುವ ಮೊದಲೇ ಗೊತ್ತಾಗುತ್ತಿತ್ತು.

ಸದ್ಯಕ್ಕೆ ಉಳಿದ ಪಾಕೀಟಿಗೆ ‘ಬೀಜವಿಲ್ಲದ ಒಣದ್ರಾಕ್ಷಿ’ ಎಂಬ ದುಂಡು ಸ್ಟಿಕ್ಕರು ಹಾಕಿದರು, ಈ ಸಲ ಕಾಗದದ್ದಲ್ಲ, ಫಿಲ್ಮಿನದು. ಮುಂದಿನ ಆರ್ಡರಿಗೆ ಕಡುಹಸಿರಿನ ಇನ್ನೊಂದು ಸಿಲಿಂಡರು ಮಾಡಿಸಿದರು. ಅದರಲ್ಲಿ ‘ಮಣೂಕ’ ಅಷ್ಟೇ ದೊಡ್ಡದು, ಅದರಡಿಯಲ್ಲಿ ‘ಬೀಜವಿಲ್ಲದ’ ಮತ್ತು ‘ಒಣದ್ರಾಕ್ಷಿ’ ಎರಡು ಸಾಲಾಗಿ, ಅಕ್ಷರದ ಎತ್ತರ 11 ಮಿ.ಮೀ. ಮೇಲಿನ ಸಾಲಿನ ‘ಲ್ಲ’ದ ಒತ್ತು ಕೆಳಗಿನ ‘ಒಣ’ಕ್ಕೆ ತಾಕದಂತೆ ಸಾಲಂತರವನ್ನು ಸ್ವಲ್ಪ ಹಿಗ್ಗಿಸಿ, ಶೆಡ್ಡಿನ ಒಂದು ಅಂತಸ್ತು ತೆಗೆದು ಎಂಟು ಮಾಡಿದರು. ಗೆರೆಗಳು ಬೇರೆ ಬಣ್ಣದಲ್ಲಿದ್ದರೆ ಇದು ಸಾಧ್ಯವಿರಲಿಲ್ಲ. ಅಡ್ಡಗೆರೆ ಕಡುಹಸಿರಿನದು, ಚುಕ್ಕಿಗಳು ಮಾತ್ರ ಹಳದಿ ಮತ್ತು ತಿಳಿಹಸಿರು. ಒಂಬತ್ತನೇ ಸಾಲಿನ ಚುಕ್ಕಿಗಳು ಗೆರೆಯಿಲ್ಲದೆ ಉಳಿದು, ನೆಲಕ್ಕೆ ಉದುರಿದ ಕಾಳಿನಂತೆ ಕಾಣುತ್ತವೆ. ಬೇಕೆಂದೇ ಹಾಗೆ ಮಾಡಿದ್ದು ಎಂದು ನೋಡಿದವರೆಲ್ಲ ಎಣಿಸುತ್ತಾರೆ.

ಈಗ ಒಂದೇ ಓಟದಲ್ಲಿ ಅರ್ಧ ಫಿಲ್ಮು ನಮ್ಮ ಕಡೆಯ ಮಾರಾಟಕ್ಕೆ ಹಳೆಯ ಸಿಲಿಂಡರಿನಲ್ಲಿ, ಇನ್ನರ್ಧ ಬೆಂಗಳೂರಿಗೆ ಹೊಸದರಲ್ಲಿ. ನಡುವೆ ಯಂತ್ರ ನಿಲ್ಲಿಸಿ ಬದಲಿಸಲು ಮುದ್ರಕರು ಬೇರೆ ಚಾರ್ಜು ಹಾಕುತ್ತಾರೆ. ಗೋದಾಮಿನಲ್ಲಿ ಎರಡು ಬಗೆಯ ಪೌಚು ಬೆರೆಯದಂತೆ ನೋಡಿಕೊಳ್ಳುವ ಕೆಲಸವೂ ಹೆಚ್ಚಾಗಿದೆ. ಒಮ್ಮೆ ಬೆಂಗಳೂರಿನ ಪೌಚು ಬಾಗಲಕೋಟೆಗೆ ಹೋಯಿತು, ಅಲ್ಲಿ ಯಾರೂ ಕೇಳಲಿಲ್ಲ.

ಕಿಟಕಿಯ ಬದಲು ಸ್ಥಳೀಯ ಅಂಗಡಿಗಳಿಗೆ ಒಂದೊಂದು ಸಣ್ಣ ಗಾಜಿನ ಭರಣಿ ಕೊಟ್ಟಿದ್ದಾರೆ. ಅದರಲ್ಲಿ ಇನ್ನೂರು ಗ್ರಾಂ ಮಣೂಕ, ಗಿರಾಕಿ ನೋಡಲು, ಬಾಯಿಗೆ ಹಾಕಿಕೊಳ್ಳಲು. ಗಲ್ಲೆಯ ಮೇಲಿನ ಬೆಳಕಿಗೆ ಅದೂ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ, ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು. ಆ ಇನ್ನೂರು ಗ್ರಾಂ ಯಾರ ಲೆಕ್ಕಕ್ಕೆ ಎಂಬುದು ಕಂಪನಿಯ ಪ್ರತಿ ಸಭೆಯಲ್ಲೂ ಬರುತ್ತದೆ, ಇನ್ನೂ ಬಗೆಹರಿದಿಲ್ಲ.